ಹೊಸಬಳಿಗೆ ಮೂರು ಪುಸ್ತಕ

ಯಾರಿಗೇ ಪುಸ್ತಕ ಕೊಡುವ ಮುನ್ನ ಜವರಯ್ಯ ಗುರುಗಳು ಅದನ್ನು ಅಂಗೈ ಮೇಲಿಟ್ಟು ಒಮ್ಮೆ ತೂಗಿ ನೋಡುತ್ತಿದ್ದರು, ಸಂತೆಯಲ್ಲಿ ಕುಂಬಳದ ಹೋಳು ತೂಗುವವರ ಹಾಗೆ. ತೂಗಿ, ಎದುರಿಗಿದ್ದವರ ಮುಖ ನೋಡಿ, ಎಷ್ಟೋ ಸಲ ಅದನ್ನು ಮತ್ತೆ ಕಪಾಟಿನಲ್ಲೇ ಇಟ್ಟುಬಿಡುತ್ತಿದ್ದರು.

ಕಪಿಲಾ ನದಿಯ ದಡದಲ್ಲಿ ಅವರ ಆಶ್ರಮ. ಎರಡು ಕೋಣೆ, ಒಂದು ಅಡುಗೆಮನೆ, ಗೋಡೆಯ ತುಂಬ ಪುಸ್ತಕ. ವೇದಾಂತದ ಪುಸ್ತಕಗಳಲ್ಲ. ಎಲ್ಲವೂ ಕಟ್ಟುಕಥೆಗಳು. ಮನುಷ್ಯ ತನ್ನ ಮೈಯನ್ನು ಬದಲಿಸಿಕೊಂಡ ಕಥೆಗಳು, ಮುಪ್ಪನ್ನು ತಡೆದು ನಿಲ್ಲಿಸಿದ ಕಥೆಗಳು, ಮನಸ್ಸನ್ನು ಯಂತ್ರಕ್ಕೆ ಇಳಿಸಿದ ಕಥೆಗಳು.

ಆಚೆ ದಡದಲ್ಲಿ ಒಂದು ಬಿಳಿ ಕಟ್ಟಡವಿತ್ತು. ಕೊನೆಯ ಬಗೆಯ ಕಥೆಯನ್ನು ಅಲ್ಲಿ ನಿಜ ಮಾಡಿದ್ದರು. ಜನ ಅದನ್ನು ದಾಟುಮನೆ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ದಾಕ್ಷಾಯಿಣಿ ಎಂಬವಳು ಬಸ್ಸಿಳಿದು ಬಂದಳು. ಮೂವತ್ತರ ಒಳಗಿನ ವಯಸ್ಸು. ಚಪ್ಪಲಿ ಬಿಟ್ಟು, ನಮಸ್ಕಾರ ಮಾಡಿ, ಕೂತುಕೋ ಎನ್ನುವ ಮೊದಲೇ ಕೇಳಿದಳು.

"ಗುರುಗಳೇ, ಈ ಥರದ ಕಥೆಗಳನ್ನ ನಾನು ಯಾವತ್ತೂ ಓದಿಲ್ಲ. ಹೊಸಬರು ಮೊದಲು ಯಾವುದನ್ನ ಓದಬೇಕು?"

"ಯಾಕೆ ಓದಬೇಕು?"

"ನನ್ನ ತಮ್ಮ ಹೇಳಿದ."

ತಮ್ಮನ ಹೆಸರು ಲೋಹಿತ್. ಇಪ್ಪತ್ತೊಂದು ವರ್ಷ. ಸ್ನಾಯು ಸಾಯುವ ಕಾಯಿಲೆ. ಹತ್ತನೆಯ ವಯಸ್ಸಿನಲ್ಲಿ ಕಾಲಿಗೆ ಬಂದದ್ದು ಈಗ ಎದೆಯವರೆಗೆ ಏರಿತ್ತು. ಕಣ್ಣು, ನಾಲಿಗೆ, ಬಲಗೈಯ ಎರಡು ಬೆರಳು, ಇಷ್ಟು ಮಾತ್ರ ಇನ್ನೂ ಅವನ ಮಾತು ಕೇಳುತ್ತಿದ್ದವು. ಉಸಿರು ಮಳೆಗಾಲದವರೆಗೆ ಎಂದು ಡಾಕ್ಟರು ಹೇಳಿದ್ದರು.

ಅವನು ದಾಟಬೇಕು ಎನ್ನುತ್ತಿದ್ದ. ದಾಟುಮನೆಯ ಕಾಗದಕ್ಕೆ ಅವನ ಬೆರಳಚ್ಚು ಸಾಲದು, ಒಂದೇ ಮನೆಯಲ್ಲಿ ಬದುಕುವವರ ಸಹಿಯೂ ಬೇಕು. ಅಪ್ಪ ಅಮ್ಮ ತೀರಿಕೊಂಡಿದ್ದರು. ಉಳಿದವಳು ದಾಕ್ಷಾಯಿಣಿ ಒಬ್ಬಳೇ.

"ನಾನು ಸಹಿ ಹಾಕಲ್ಲ ಅಂದೆ. ಓದದೆ ಬೇಡ ಅನ್ನಬೇಡ ಅಕ್ಕ, ಓದಿ ಬೇಡ ಅನ್ನು, ಅಂದ."

"ಮಳೆಗಾಲಕ್ಕೆ ಎಷ್ಟು ದಿನ ಇದೆ?"

"ನಲವತ್ತು."

"ಅವನು ಎಷ್ಟು ಓದಿದ್ದಾನೆ?"

"ಮಲಗಿದಲ್ಲೇ ಮೊಬೈಲಿನಲ್ಲಿ ಓದ್ತಾನೆ. ಎಲ್ಲ ಇಂಗ್ಲಿಷಿನಲ್ಲೇ. ಹತ್ತು ವರ್ಷದಿಂದ ಅದೇ ಕೆಲಸ."

"ಹಾಗಾದರೆ ನಿನಗೆ ಮೂರು ಸಾಕು."

"ಮೂರೇನಾ? ಗೋಡೆ ತುಂಬ ಇದೆಯಲ್ಲ."

"ಗೋಡೆ ನನಗೆ," ಎಂದರು ಗುರುಗಳು. "ಒಂದು ಪದ್ಧತಿ ಇದೆ. ಓದಿ ಮುಗಿಸಿದ ಮೇಲೆ ಕಥೆಯನ್ನ ಚಿಕ್ಕತಾಯಮ್ಮನಿಗೆ ಹೇಳಬೇಕು. ಅವಳು ಒಂದು ಪ್ರಶ್ನೆ ಕೇಳ್ತಾಳೆ. ಉತ್ತರ ಹೇಳಿದರೆ ಮುಂದಿನ ಪುಸ್ತಕ."

ಚಿಕ್ಕತಾಯಮ್ಮ ಆಶ್ರಮದಲ್ಲಿ ಅಡುಗೆ ಮಾಡುವವಳು. ಅರವತ್ತು ದಾಟಿತ್ತು. ಅಕ್ಷರ ಬಾರದು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ಇನ್ನೊಬ್ಳು ಬಂದ್ಲಾ ಬುದ್ಧಿ? ಹೋದ ಸಲದವ್ನು ಕತೆ ಹೇಳ್ತಾ ಹೇಳ್ತಾ ನನ್ನ ಸಾರು ಸೀದೋಯ್ತು. ಚಂದ್ರಲೋಕದಲ್ಲಿ ಮನೆ ಕಟ್ಟವ್ರಂತೆ, ಒಂದು ಕಕ್ಕಸು ಎಲ್ಲಿ ಅಂತ ಹೇಳಾಕೆ ಆಗ್ನಿಲ್ಲ ಅವ್ನಿಗೆ."

ದಾಕ್ಷಾಯಿಣಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು. ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಮೊದಲನೆಯ ಪುಸ್ತಕವನ್ನು ಅವಳು ಎರಡು ದಿನಕ್ಕೆ ಮುಗಿಸಿದಳು. ಪಕ್ಕದ ಮನೆಯ ಪದ್ಮಕ್ಕನನ್ನು ತಮ್ಮನ ಹತ್ತಿರ ಕೂರಿಸಿ, ಬಸ್ಸು ಹಿಡಿದು ಬಂದು, ಒಲೆಯ ಮುಂದೆ ಕೂತು ಹೇಳಿದಳು.

"ಒಬ್ಬ ನೇಕಾರ. ಎರಡೂ ಕೈ ಮಗ್ಗಕ್ಕೆ ಸಿಕ್ಕಿ ಹೋಗುತ್ತೆ. ಲೋಹದ ಕೈ ಜೋಡಿಸ್ತಾರೆ. ದಣಿವೇ ಇಲ್ಲ. ಮೂರಾಳಿನಷ್ಟು ನೇಯ್ತಾನೆ. ಆದರೆ ಬಟ್ಟೆ ಒದ್ದೆ ಇದೆಯೋ ಒಣಗಿದೆಯೋ ಮುಟ್ಟಿದರೆ ಗೊತ್ತಾಗಲ್ಲ. ಕೈ ಸಿಕ್ತು, ಸ್ಪರ್ಶ ಹೋಯ್ತು. ಅಷ್ಟೇ ಕಥೆ."

"ಅವ್ನಿಗೆ ಮಕ್ಳಿದ್ವಾ?"

"ಒಬ್ಬಳು ಮಗಳು."

"ಆ ಕೈಲಿ ಮಗೀಗೆ ತಲೆ ಬಾಚಿದ್ನಾ?"

"ಅದು ಪುಸ್ತಕದಲ್ಲಿಲ್ಲ."

"ಇಲ್ವೋ, ನೀನು ನೋಡ್ನಿಲ್ವೋ?"

ದಾಕ್ಷಾಯಿಣಿ ಜಗಲಿಗೆ ಹೋಗಿ ಮತ್ತೆ ಮೊದಲಿಂದ ಓದಿದಳು. ಅರವತ್ತನೆಯ ಪುಟದಲ್ಲಿ ಇತ್ತು. ಎರಡೇ ಸಾಲು. ಮೊದಲ ದಿನ ಅಪ್ಪನ ಕೈಗೆ ಹೆದರಿ ಮಗು ಅತ್ತಿತು. ಹತ್ತನೆಯ ದಿನ ಜಡೆಗೆ ಹೂವೂ ಬೇಕು ಎಂದಿತು.

"ಈ ಸಾಲು ನಿನಗೆ ಹೇಗೆ ತಪ್ಪಿತು?" ಗುರುಗಳು ಕೇಳಿದರು.

ಅವಳು ಆ ಪುಟದ ಮೇಲೆ ಬೆರಳಿಟ್ಟಳು.

"ನೀನು ಬೇಡ ಅನ್ನೋಕೆ ಕಾರಣ ಹುಡುಕ್ತಾ ಓದಿದೆ. ಕಾರಣ ಸಿಕ್ತು. ಮಗು ಸಿಗಲಿಲ್ಲ."

ಎರಡನೆಯ ಪುಸ್ತಕ ದಪ್ಪನೆಯದು. ಸಾವನ್ನು ಗೆದ್ದು ಎಂಟು ನೂರು ವರ್ಷ ಬದುಕಿದ ಹೆಂಗಸಿನ ಕಥೆ. ಅದನ್ನು ಮುಗಿಸಲು ದಾಕ್ಷಾಯಿಣಿಗೆ ಎರಡು ವಾರ ಹಿಡಿಯಿತು. ತಮ್ಮನಿಗೆ ಮಗ್ಗುಲು ಬದಲಿಸುವ ನಡುವೆ, ಗಂಜಿ ಆರುವ ನಡುವೆ, ನಾಲ್ಕು ನಾಲ್ಕು ಪುಟ.

"ಎಂಟ್ನೂರು ವರ್ಷವಾ!" ಚಿಕ್ಕತಾಯಮ್ಮ ಸೌಟು ಕೆಳಗಿಟ್ಟಳು. "ಅಲ್ಲಾ ಕಣವ್ವ, ಸೊಸೇರು ಎಷ್ಟು ಜನ ಅವಳಿಗೆ?"

"ಇದು ನಿಮ್ಮ ಪ್ರಶ್ನೆನಾ?"

"ಅಯ್ಯೋ, ಇದು ಪ್ರಶ್ನೆ ಅಲ್ಲ, ಸಂಕಟ. ನನ್ನತ್ತೆ ಎಂಬತ್ತು ವರ್ಷ ಇದ್ದದ್ದಕ್ಕೇ ನನ್ನ ಕೂದ್ಲು ಬೆಳ್ಳಗಾಯ್ತು." ಅವಳು ಒಂದು ಸೌದೆ ಒಲೆಗೆ ತಳ್ಳಿದಳು. "ನನ್ನ ಪ್ರಶ್ನೆ ಇದು. ಯಾರ ಹೆಣದ ಮುಂದೆ ಅವಳು ಅಳಾದು ನಿಲ್ಲಿಸಿದ್ಳು?"

ಇದಕ್ಕೆ ದಾಕ್ಷಾಯಿಣಿ ಪುಸ್ತಕ ತೆರೆಯಬೇಕಾಗಲಿಲ್ಲ.

"ನಾಲ್ಕನೆಯ ಮಗನ ಮುಂದೆ."

"ಹೂಂ," ಎಂದು ಚಿಕ್ಕತಾಯಮ್ಮ ಸೌಟು ಎತ್ತಿಕೊಂಡಳು.

ಗುರುಗಳು ಮೂರನೆಯ ಪುಸ್ತಕ ತೆಗೆದರು. ತೂಗಿದರು. ಅವಳ ಮುಖ ನೋಡಿ ವಾಪಸ್ ಇಟ್ಟರು.

"ದಿನಗಳು ಹೋಗ್ತಿವೆ ಗುರುಗಳೇ."

"ಹೋಗಲಿ. ಇದು ಇವತ್ತು ನಿನಗೆ ಭಾರ."

ಅದಾದ ಮೂರನೆಯ ದಿನ ಮಧ್ಯಾಹ್ನ, ದಾಕ್ಷಾಯಿಣಿ ತಮ್ಮನಿಗೆ ಗಂಜಿ ಕುಡಿಸುತ್ತಿದ್ದಳು. ಒಂದು ಗುಟುಕು ದಾರಿ ತಪ್ಪಿತು. ಕೆಮ್ಮಲು ಅವನ ಎದೆಯಲ್ಲಿ ಬಲವಿರಲಿಲ್ಲ. ತುಟಿ ನೀಲಿಯಾಯಿತು. ಅವಳು ಅವನನ್ನು ಮಗುಚಿ ಹಾಕಿ ಬೆನ್ನು ಗುದ್ದಿದಳು, ಬಾಯಿಗೆ ಬೆರಳು ಹಾಕಿ ಎಳೆದಳು, ಪದ್ಮಕ್ಕಾ ಎಂದು ಕಿರುಚಿದಳು. ಎಷ್ಟು ಹೊತ್ತು ಎಂದು ಆಮೇಲೆ ಇಬ್ಬರಿಗೂ ಹೇಳಲು ಆಗಲಿಲ್ಲ.

ಉಸಿರು ತಿರುಗಿ ಬಂದ ಮೇಲೆ ಲೋಹಿತ್ ಅಂದ, "ಹೀಗಲ್ಲ ಅಕ್ಕ. ಹೀಗೆ ಮಾತ್ರ ಬೇಡ."

ಮರುದಿನ ಅವಳು ಆಶ್ರಮಕ್ಕೆ ಬಂದು ಕಪಾಟಿನ ಮುಂದೆ ನಿಂತಳು.

"ಮೂರನೆಯದು ಕೊಡಿ. ಈಗ ನಾನು ಬೇಡ ಅನ್ನೋಕೆ ಓದ್ತಿಲ್ಲ."

"ಗೊತ್ತಾಗುತ್ತೆ. ಈಗ ಹೂಂ ಅನ್ನೋಕೆ ಓದ್ತೀಯ."

"ಅದೂ ತಪ್ಪಾ?"

ಗುರುಗಳು ಉತ್ತರ ಹೇಳದೆ ಪುಸ್ತಕ ಕೊಟ್ಟರು. ತೆಳ್ಳನೆಯ ಪುಸ್ತಕ, ಪಂಚಾಂಗದಷ್ಟು.

ಅವಳು ಅದನ್ನು ಬಸ್ಸಿನಲ್ಲೇ ಮುಗಿಸಿದಳು. ಇಳಿಯುವ ಸ್ಟಾಪು ದಾಟಿ ಹೋಗಿತ್ತು. ಎರಡು ಮೈಲಿ ಹಿಂದಕ್ಕೆ ನಡೆದು ಬಂದಳು.

"ಅದನ್ನ ನನಗೆ ಓದಿ ಹೇಳು," ಎಂದ ಲೋಹಿತ್. "ಕನ್ನಡದಲ್ಲಿ ಹೇಗೆ ಕೇಳುತ್ತೋ ನೋಡೋಣ."

ಗಡಿಯಾರ ರಿಪೇರಿಯವನೊಬ್ಬನ ಕಥೆ ಅದು. ರೋಗ ಬಂದು ಅವನ ಕೈ ನಡುಗತೊಡಗುತ್ತದೆ. ಅವನ ಮನಸ್ಸನ್ನು ಯಂತ್ರಕ್ಕೆ ಇಳಿಸುತ್ತಾರೆ. ಯಂತ್ರದೊಳಗೆ ಅವನು ಕಣ್ಣು ಬಿಡುತ್ತಾನೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ಹಳೆಯ ಜೋಕು ಹೇಳುತ್ತಾನೆ. ಮನೆಯವರೆಲ್ಲ ಸುತ್ತ ನಿಂತು ಅಳುತ್ತಾರೆ, ನಗುತ್ತಾರೆ.

ದಾಕ್ಷಾಯಿಣಿ ಅಲ್ಲಿಗೆ ನಿಲ್ಲಿಸಿ ಪುಸ್ತಕ ಮಡಚಿದಳು.

"ಮುಗೀತು. ಎಷ್ಟು ಚೆನ್ನಾಗಿದೆ ಅಲ್ವಾ ಲೋಹಿ?"

ಲೋಹಿತ್ ಸೂರು ನೋಡುತ್ತಿದ್ದ.

"ಅಕ್ಕ, ಹತ್ತು ಪುಟ ತಿಂದೆ ನೀನು."

ಅವಳು ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟಳು.

"ಚಿಕ್ಕವನಿದ್ದಾಗಲೂ ಹೀಗೇ. ನರಿ ಸಾಯೋ ಕಥೆ ಬಂದರೆ ಸಾಯೋಕೆ ಮುಂಚೆ ಮುಗಿಸಿಬಿಡ್ತಿದ್ದೆ." ಅವನು ಉಸಿರು ತೆಗೆದುಕೊಂಡ. "ಇಂಗ್ಲಿಷಲ್ಲಿ ಮೂರು ಸಲ ಓದಿದ್ದೀನಿ ಕಣೇ ಇದನ್ನ."

ಬಿಟ್ಟ ಹತ್ತು ಪುಟದಲ್ಲಿ ಇದ್ದದ್ದು ಇಷ್ಟು. ಹಿಂದಿನ ಕೋಣೆಯ ಮಂಚದ ಮೇಲೆ ಗಡಿಯಾರದವನ ಮೈ ಇನ್ನೂ ಎಚ್ಚರವಾಗಿದೆ. ಅವನ ಮನಸ್ಸು ಎಲ್ಲಿಗೂ ಹೋಗಿಲ್ಲ. ಅದರ ಪಡಿಯಚ್ಚು ಹೋಗಿದೆ. ಮೈ ಸಾಯಲೆಂದು ಕೊಟ್ಟ ಮದ್ದು ಕೆಲಸ ಮಾಡಲು ಒಂದು ಗಂಟೆ ಬೇಕು. ಆ ಒಂದು ಗಂಟೆ ಅವನು ಪಕ್ಕದ ಕೋಣೆಯಿಂದ ಬರುವ ತನ್ನದೇ ನಗುವನ್ನು ಕೇಳುತ್ತ ಮಲಗಿರುತ್ತಾನೆ. ಯಾರೂ ಬರುವುದಿಲ್ಲ.

"ಇದೆಲ್ಲ ಗೊತ್ತಿದ್ದೂ ಹೋಗ್ತೀಯಾ?"

"ಗೊತ್ತಿದ್ದೇ. ನಮ್ಮ ದಾಟುಮನೆಯಲ್ಲೂ ಹಾಗೇ. ಕಾಗದದಲ್ಲೇ ಬರೆದಿದ್ದಾರೆ, ಸಣ್ಣ ಅಕ್ಷರದಲ್ಲಿ. ಒಬ್ಬ ದಾಟ್ತಾನೆ, ಒಬ್ಬ ಉಳೀತಾನೆ. ಗಂಜಿ ಗಂಟಲಲ್ಲಿ ಸಿಕ್ಕಿಕೊಂಡು ಇಬ್ಬರೂ ಹೋಗೋದಕ್ಕಿಂತ ಒಬ್ಬನಾದರೂ ಇರಲಿ."

"ಲೋಹಿ..."

"ಕೇಳು. ದಾಟಿದವನಿಗೆ ಯಾರ ಚಿಂತೆಯೂ ಇಲ್ಲ. ಚಿಕ್ಕಮ್ಮ, ಮಾವ, ಎಲ್ಲರೂ ಅವನ ಹತ್ತಿರ ಇರ್ತಾರೆ. ಉಳಿದವನಿಗೆ ಒಂದು ಗಂಟೆ ಇರುತ್ತಲ್ಲ. ನಿನಗೆ ಓದೋಕೆ ಹೇಳಿದ್ದು ಬರೀ ಸಹಿಗಲ್ಲ ಅಕ್ಕ. ಆ ಗಂಟೆ ನೀನು ಯಾವ ಕೋಣೇಲಿ ಇರಬೇಕು ಅಂತ ನಿನಗೆ ಗೊತ್ತಿರಲಿ ಅಂತ."

ಅವನ ಎರಡು ಬೆರಳು ಹಾಸಿಗೆಯ ಮೇಲೆ ಅಲುಗಿದವು. ಅವಳು ಅವನ್ನು ಹಿಡಿದುಕೊಂಡಳು.

ಮರುದಿನ ಚಿಕ್ಕತಾಯಮ್ಮನಿಗೆ ಅವಳು ಗಡಿಯಾರದವನ ಕಥೆಯನ್ನು ಪೂರ್ತಿ ಹೇಳಿದಳು, ಕೊನೆಯ ಹತ್ತು ಪುಟವನ್ನೂ. ಹೇಳಿ ಮುಗಿಸಿ ಪ್ರಶ್ನೆಗೆ ಕಾದಳು.

ಚಿಕ್ಕತಾಯಮ್ಮ ಕೇಳಲಿಲ್ಲ.

"ಪ್ರಶ್ನೆ ಇಲ್ವಾ?"

"ಒಲೆ ಹೊಗೆ ಹಾಕ್ತಾ ಅದೆ. ಏಳು, ಆಚೆ ಹೋಗು."

ದಾಕ್ಷಾಯಿಣಿ ಸಹಿ ಹಾಕಿದಳು.

ಆಮೇಲೆ ಒಂದು ತಿಂಗಳು ಅವಳು ಆಶ್ರಮದ ಕಡೆ ಸುಳಿಯಲಿಲ್ಲ. ಬಂದಾಗ ಹೊಳೆಯಲ್ಲಿ ಕೆಂಪು ನೀರು ಏರಿತ್ತು. ಮೂರೂ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಗುರುಗಳ ಮುಂದೆ ಇಟ್ಟಳು. ಮೆಲ್ಲಗೆ ಮಾತಾಡಿದಳು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಎನ್ನುವ ಹಾಗೆ.

"ತಿಥಿ ಮಾಡಬೇಕೋ ಬೇಡವೋ ನಮ್ಮವರಿಗೆ ತಿಳೀಲಿಲ್ಲ ಗುರುಗಳೇ. ಅವನು ಮಾತಾಡ್ತಿದ್ದಾನಲ್ಲ, ತಿಥಿ ಯಾರಿಗೆ ಅಂದರು. ಹದಿಮೂರನೆಯ ದಿನ ನಾನೊಬ್ಬಳೇ ಹೊಳೆಗೆ ಬಂದು ಒಂದು ಮುಳುಗು ಹಾಕಿ ಹೋದೆ."

"ಅವತ್ತಿನದು ಹೇಳು."

"ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಎಲ್ಲರೂ ಒಳ್ಳೆ ಬಟ್ಟೆ ಉಟ್ಟು ಬಂದಿದ್ದರು. ಚಿಕ್ಕಮ್ಮ ಕೊಬ್ಬರಿ ಮಿಠಾಯಿ ತಂದಿದ್ದಳು. ಅವನ ದನಿ ಬಂದಾಗ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಕೋಣೆಯಲ್ಲಿದ್ದೆ. ಅಲ್ಲಿ ಕುರ್ಚಿ ಇರಲಿಲ್ಲ. ಮಂಚದ ಪಕ್ಕ ನಿಂತೆ."

"ಯಾರೂ ಕರೀಲಿಲ್ವಾ?"

"ಚಿಕ್ಕಮ್ಮ ಬಾಗಿಲಿಗೆ ಬಂದು ಕರೆದಳು. ಬಾರೇ, ನಿನ್ನ ಹೆಸರೇ ಹೇಳ್ತಿದ್ದಾನೆ, ಇಲ್ಲಿ ಯಾಕೆ ನಿಂತಿದ್ದೀಯ, ಅಂದಳು. ಮಂಚದ ಕಡೆ ನೋಡಲಿಲ್ಲ."

"ಮಂಚದ ಮೇಲಿದ್ದವನು?"

"ಬೆನ್ನು ತುರಿಸ್ತಿದೆ ಅಕ್ಕ ಅಂದ. ತುರಿಸಿದೆ. ಆಚೆ ಕೋಣೆಯಿಂದ ನಗು ಕೇಳಿಸ್ತು. ನನ್ನ ನಗು ಇಷ್ಟು ಕೆಟ್ಟದಾಗಿದೆಯಾ ಅಂದ. ಇಬ್ಬರೂ ನಕ್ಕೆವು."

ಅವಳು ಪುಸ್ತಕ ಸುತ್ತಿದ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

"ಆಮೇಲೆ, ಬೇಡ ಅಕ್ಕ, ಅಂದ. ನಿಲ್ಲಿಸೋಕೆ ಹೇಳು ಅಂದ."

ಗುರುಗಳು ಅವಳ ಹತ್ತಿರಕ್ಕೆ ಸರಿದು ಕೂತರು.

"ಓಡಿ ಹೋಗಿ ಹೇಳಿದೆ. ಮದ್ದು ಒಳಗೆ ಹೋಗಿದೆ, ಇನ್ನು ಏನೂ ಮಾಡೋ ಹಾಗಿಲ್ಲ ಅಂದರು. ಸಹಿ ನಿಮ್ಮದೇ ಅಲ್ವಾ ಅಂತ ಕಾಗದ ತೋರಿಸಿದರು. ವಾಪಸ್ ಬಂದೆ. ಅವನು ಕೇಳ್ತಾನೇ ಇದ್ದ. ಇಪ್ಪತ್ತು ನಿಮಿಷ ಬಾಯಲ್ಲಿ ಕೇಳಿದ. ನಾಲಿಗೆ ನಿಂತ ಮೇಲೆ ಎರಡು ಬೆರಳಲ್ಲಿ."

"ನೀನು ಏನು ಮಾಡಿದೆ?"

"ಬೆರಳು ಹಿಡ್ಕೊಂಡಿದ್ದೆ."

ಗುರುಗಳು ಕಣ್ಣು ಮುಚ್ಚಿದರು. ಅವಳು ಮುಂದುವರಿಸಿದಳು.

"ಈಗ ದಿನಾ ಬೆಳಿಗ್ಗೆ ಅವನು ಕರೀತಾನೆ. ಮನೆಯಲ್ಲೇ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಅದೇ ದನಿ, ಅದೇ ತಮಾಷೆ. ಕಾಫಿ ಸೀಯಿಸಿದೆಯಾ ಅಕ್ಕ ಅಂತಾನೆ, ವಾಸನೆ ಬರದಿದ್ದರೂ. ಅವನು ಲೋಹಿಯೇ ಗುರುಗಳೇ. ಅಲ್ಲ ಅನ್ನೋಕೆ ನನ್ನಿಂದ ಆಗಲ್ಲ."

"ಮತ್ತೆ?"

"ಒಂದೇ ಪ್ರಶ್ನೆ ಅವನದು. ದಿನಾ ಕೇಳ್ತಾನೆ. ನೀನು ಆ ಕೋಣೇಲಿ ಇದ್ದೆಯಲ್ಲ ಅಕ್ಕ, ಅವನು ಏನಂದ?"

"ನೀನು?"

"ಬೆನ್ನು ತುರಿಸು ಅಂದ ಅಂತ ಹೇಳಿದೆ. ನಕ್ಕ. ನಿನ್ನ ನಗು ಕೆಟ್ಟದಾಗಿದೆ ಅಂದ ಅಂತ ಹೇಳಿದೆ. ಇನ್ನೂ ನಕ್ಕ. ಆಮೇಲೆ, ಇನ್ನೇನಂದ ಅಂತಾನೆ. ಅಲ್ಲಿಗೆ ನಾನು ಪಾತ್ರೆ ತೊಳೆಯೋಕೆ ಏಳ್ತೀನಿ." ಅವಳು ಗುರುಗಳ ಕಾಲ ಹತ್ತಿರ ನೆಲಕ್ಕೆ ಕೈಯೂರಿದಳು. "ಹೇಳಿದರೆ, ತಾನು ಇರೋದು ಯಾರ ಗೋಳಿನ ಮೇಲೆ ಅಂತ ಅವನಿಗೆ ಗೊತ್ತಾಗುತ್ತೆ. ಅವನಿಗೆ ಸಾವಿಲ್ಲ. ಎಷ್ಟು ಕಾಲ ಅದನ್ನ ಹೊರಬೇಕು? ಹೇಳದಿದ್ದರೆ, ಮಂಚದ ಮೇಲಿದ್ದವನು ಇಪ್ಪತ್ತು ನಿಮಿಷ ಕೇಳಿದ್ದು ನನ್ನೊಬ್ಬಳ ಜೊತೆ ಮಣ್ಣಾಗುತ್ತೆ. ಏನು ಮಾಡಲಿ? ಇದಕ್ಕೆ ಯಾವ ಪುಸ್ತಕ ಕೊಡ್ತೀರಿ?"

ಗುರುಗಳು ಕಪಾಟಿನ ಕಡೆ ತಿರುಗಲೇ ಇಲ್ಲ.

"ಗಿರಿಜೆ ಅಂತ ನನ್ನ ಹೆಂಡತಿ," ಎಂದರು. "ಹೊಟ್ಟೆಯ ಕ್ಯಾನ್ಸರು. ಆಚೆ ದಡದಲ್ಲಿ ಆಗ ತಾನೇ ಕಟ್ಟಡ ಎದ್ದಿತ್ತು. ಸಹಿ ಹಾಕಿದವನು ನಾನು. ಇದರಲ್ಲಿ ಒಂದು ಪುಸ್ತಕವನ್ನೂ ಆಗ ಓದಿರಲಿಲ್ಲ. ಮುಂದಿನ ಕೋಣೆಯಲ್ಲಿ ಮೊದಲನೆಯ ಕುರ್ಚಿಯಲ್ಲಿ ಕೂತು ಅವಳ ದನಿಯ ಜೊತೆ ನಗ್ತಿದ್ದೆ."

ದಾಕ್ಷಾಯಿಣಿ ತಲೆ ಎತ್ತಿದಳು.

"ಆ ದನಿಯೂ ಇದನ್ನೇ ಕೇಳ್ತಿತ್ತು. ಮೂರು ವರ್ಷ ಕೇಳ್ತು. ಒಳಗಿದ್ದವಳು ಏನಂದಳು ಅಂತ. ನನಗೆ ಗೊತ್ತಿದ್ದರೆ ತಾನೇ ಹೇಳೋಕೆ? ಒಂದು ದಿನ ಕೇಳೋದು ಬಿಟ್ಟಿತು. ಸ್ವಲ್ಪ ದಿನದ ಮೇಲೆ ಮಾತಾಡೋದನ್ನೂ ಬಿಟ್ಟಿತು. ಪೆಟ್ಟಿಗೆ ಕೆಟ್ಟಿರಲಿಲ್ಲ. ನೋಡಿಸಿದೆ."

"ಒಳಗಿನ ಕೋಣೆಯಲ್ಲಿ ಅವತ್ತು ಯಾರೂ ಇರಲಿಲ್ವಾ?"

"ಇದ್ದಳು. ನೆಲ ಒರೆಸೋಕೆ ಬಂದವಳು. ಬಕೀಟು ಬದಿಗಿಟ್ಟು ಗಿರಿಜೆಯ ಕೈ ಹಿಡ್ಕೊಂಡು ಕೂತಳಂತೆ. ಅವತ್ತೇ ಕೆಲಸ ಬಿಟ್ಟು ಹೋದಳು. ನಾನು ಇಲ್ಲಿಗೆ ಬಂದು ನೆಲೆಸಿದ ವರ್ಷ ಅವಳ ಊರು ಹುಡುಕಿಕೊಂಡು ಹೋದೆ."

"ಕೇಳಿದ್ರಾ?"

"ಕೇಳೋಕೇ ಹೋಗಿದ್ದು. ಬಾಗಿಲಿಗೆ ಬಂದಳು. ಆಶ್ರಮದಲ್ಲಿ ಅಡುಗೆ ಮಾಡ್ತೀಯಾ ಅಂತ ಕೇಳಿದೆ."

ಅಡುಗೆಮನೆಯಲ್ಲಿ ಮುದ್ದೆಯ ಹಿಟ್ಟು ತೊಳಸುವ ಸದ್ದು ನಿಂತಿತು.

ಗುರುಗಳು ಎದ್ದರು. ಗೋಡೆ ಹಿಡಿದು ನಡೆದು ಅಡುಗೆಮನೆಯ ಬಾಗಿಲಿಗೆ ಹೋದರು. ಚಿಕ್ಕತಾಯಮ್ಮ ಒಲೆಗೆ ಬೆನ್ನು ಮಾಡಿ ನಿಂತಿದ್ದಳು. ಮೊಣಕೈವರೆಗೂ ಹಿಟ್ಟು. ಗುರುಗಳು ಅವಳ ಮುಂದೆ ನೆಲದ ಮೇಲೆ ಕೂತರು, ಪಾಠಕ್ಕೆ ಬಂದವರು ಕೂರುವ ಹಾಗೆ.

"ಈ ಹುಡುಗಿಯ ತಮ್ಮ ಏನಂದ ಅಂತ ನಾನು ಕೇಳಿಸಿಕೊಂಡೆ," ಎಂದರು. "ಗಿರಿಜೆ ಏನಂದಳು?"

ಚಿಕ್ಕತಾಯಮ್ಮ ಬೆರಳಿಗಂಟಿದ ಹಿಟ್ಟನ್ನು ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದಳು. ಮುದ್ದೆ ತಳ ಹಿಡಿಯುವ ವಾಸನೆ ಬಂತು. ಅವಳು ಒಲೆಯ ಕಡೆ ತಿರುಗಿ ನೋಡಲಿಲ್ಲ. ಗುರುಗಳು ಕೂತಲ್ಲಿಂದ ಏಳಲಿಲ್ಲ.

"ಇವತ್ತು ಹೇಳಿಬಿಡು, ತಾಯಿ."